ಪುಟ್ಟಿಯನ್ನು ತೆಗೆದರೆ

ಬೇಸಿಗೆ ರಜೆಯ ಮಟ್ಟಿಗೆ ಒಬ್ಬ ಇಂಟರ್ನ್ ಬೇಕು ಎಂದು ಪುಟ್ಟಿ ಕೇಳಿದಾಗ ಭಾವ ಎರಡು ಮಾತಿಲ್ಲದೆ ಒಪ್ಪಿಕೊಂಡರು. ಭಾವ ಒಪ್ಪಿಕೊಳ್ಳದ ವಿಷಯವೇ ಪ್ರಪಂಚದಲ್ಲಿಲ್ಲ, ಆ ಮಾತು ಬೇರೆ. ಆದರೆ ಒಂದು ಪೆನ್ನು ಕೊಳ್ಳಲೂ ಹಿಂದೆಮುಂದೆ ನೋಡುವ ಅಕ್ಕ ಕೂಡ ತಕ್ಷಣ "ಹೂಂ, ಕರೆಸು" ಅಂದಳಲ್ಲ, ಅದು ಪುಟ್ಟಿಗೆ ಆಶ್ಚರ್ಯ.

ಪುಟ್ಟಿ ಎಂದರೆ ಚಿಕ್ಕ ಮಗುವೇನಲ್ಲ. ಮೂವತ್ತು ದಾಟಿದವಳು, ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು. ಅಕ್ಕ ಕರೆಯುತ್ತಿದ್ದ ಹೆಸರು ಭಾವನ ಬಾಯಿಗೆ ಬಂತು, ಅಲ್ಲಿಂದ ಆಫೀಸಿಗೂ ಬಂತು. ಆಫೀಸು ಎಂದರೆ ಲಾಂಡ್ರಿಯೊಂದರ ಮೇಲಿನ ಎರಡು ಕೋಣೆ, ನಡುವೆ ಪ್ಲೈವುಡ್ಡಿನ ತಡಿಕೆ. ಆ ಕಡೆ ಅಕ್ಕ ಲೆಕ್ಕ ನೋಡುತ್ತಾಳೆ, ಭಾವ ಫೋನಿನಲ್ಲಿ ಗಿರಾಕಿಗಳನ್ನು ಸಮಾಧಾನ ಮಾಡುತ್ತಾರೆ. ಈ ಕಡೆ ಪುಟ್ಟಿ ಒಬ್ಬಳೇ. ಇರುವ ಒಂದೇ ಕಿಟಕಿಗೆ ಲಾಂಡ್ರಿಯವರ ಬೋರ್ಡು ಅಡ್ಡ ಬಂದಿದೆ. ಅದರ ಹಿಂಬದಿಯ ತುಕ್ಕು ನೋಡಿಕೊಂಡು ಕೂರಬೇಕು. ಕೆಳಗಿನ ಇಸ್ತ್ರಿಯ ಬಿಸಿಗೆ ನೆಲವೆಲ್ಲ ಬೆಚ್ಚಗಿರುತ್ತದೆ.

ಕೆಟ್ಟ ಫ್ರಿಜ್ಜು, ತಿರುಗದ ವಾಷಿಂಗ್ ಮೆಷಿನ್ನು, ಸೋರುವ ನಲ್ಲಿ, ಏನೇ ಇರಲಿ, ಇವರ ವೆಬ್‌ಸೈಟಿನಲ್ಲಿ ಬರೆದರೆ ಹತ್ತಿರದ ರಿಪೇರಿಯವರು ಮನೆಗೆ ಬರುತ್ತಾರೆ. ವೆಬ್‌ಸೈಟೇ ಕೆಟ್ಟರೆ ಪುಟ್ಟಿ ಬರಬೇಕು. ಪ್ರಾಣಸ್ನೇಹಿತೆಯ ಮದುವೆಯ ದಿನ ಅವಳು ಸೀರೆ ಉಟ್ಟುಕೊಂಡೇ ಚಪ್ಪಲಿ ಬಿಡುವ ಜಾಗದಲ್ಲಿ ಕೂತು ಸೈಟು ಸರಿ ಮಾಡಿದ್ದಳು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಭಾವನ ಫೋನು ಎತ್ತಿದ್ದೂ ಉಂಟು. ಡಾಕ್ಟರು ಬೈದರು. ಬೈಯದೆ ಇನ್ನೇನು ಮಾಡಿಯಾರು?

ಈಗ ದೂರದ ಊರಿನ ದೊಡ್ಡ ಕಂಪನಿಯೊಂದು ಅವಳಿಗೆ ಕೆಲಸ ಕೊಟ್ಟಿತ್ತು. ಬೇಸಿಗೆ ಮುಗಿದ ಮೇಲೆ ಬರುತ್ತೇನೆ ಎಂದು ಇವಳೂ ಒಪ್ಪಿದ್ದಳು. ಸಂಬಳ ಹೆಚ್ಚೇನಿಲ್ಲ. ಆದರೆ ಮಾತಿನ ನಡುವೆ ಅಲ್ಲಿಯವರು, "ರಜೆ ತಗೊಂಡ್ರೆ ನಿಶ್ಚಿಂತೆಯಾಗಿರಿ, ನೀವಿಲ್ದಿದ್ರೂ ಇಲ್ಲಿ ನಡೆಯುತ್ತೆ" ಅಂದಿದ್ದರು. ಆ ಒಂದು ಮಾತಿಗೇ ಪುಟ್ಟಿ ಸೋತುಹೋಗಿದ್ದಳು.

ಅಕ್ಕನಿಗೆ ಹೇಳುವುದು ಮಾತ್ರ ಆಗಿರಲಿಲ್ಲ. ಅಮ್ಮ ಹೋದ ಮೇಲೆ ತಲೆ ಬಾಚಿ, ಬುತ್ತಿ ಕಟ್ಟಿ ಶಾಲೆಗೆ ಕಳಿಸಿದವಳು ಅಕ್ಕ. ಅವಳೆದುರು ನಿಂತು "ನಾನು ಹೋಗ್ತೀನಿ" ಅನ್ನಲು ನಾಲಿಗೆ ಏಳುತ್ತಿರಲಿಲ್ಲ. ಯಾರಾದರೂ ಬಂದು ಕೆಲಸ ಕಲಿತು ಇಲ್ಲೇ ನಿಲ್ಲಲಿ, ಆಮೇಲೆ ಹೇಳಿದರಾಯಿತು ಎಂದು ಪುಟ್ಟಿಯ ಲೆಕ್ಕಾಚಾರ.

ಆದರೆ ಕಲಿಯುವುದು ಅಷ್ಟು ಸುಲಭವಾಗಿರಲಿಲ್ಲ, ಅದಕ್ಕೆ ಕಾರಣ ಇವಳೇ. ಸೈಟು ಶುರುವಾದದ್ದು ಅಕ್ಕನ ಮನೆಯ ಊಟದ ಮೇಜಿನ ಮೇಲೆ, ನಗುನಗುತ್ತಾ. ಆಗಿನ ಹುರುಪಿನಲ್ಲಿ ಪುಟ್ಟಿ ಪ್ರೋಗ್ರಾಮಿನ ಒಂದೊಂದು ಭಾಗಕ್ಕೂ ಮನೆಯವರ ಹೆಸರಿಟ್ಟಿದ್ದಳು. ಬಂದದ್ದು ಹೊಸ ದೂರೋ ಹಳೆಯದೋ ಎಂದು ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುವ ಭಾಗ 'ಅತ್ತೆ', ಅಂದರೆ ಅಕ್ಕನ ಅತ್ತೆ. ಗಿರಾಕಿಗೆ 'ಇನ್ನೇನು ಬಂದೇ ಬಿಟ್ಟರು' ಎಂದು ಮಾತು ಕೊಡುವ ಭಾಗ 'ಭಾವ'. ಹಳೆಯದನ್ನೆಲ್ಲ ಗಂಟು ಕಟ್ಟಿಟ್ಟುಕೊಂಡು ಕೇಳಿದರೂ ಬಿಚ್ಚದಿರುವುದು 'ದೊಡ್ಡಮ್ಮ'. ಎಲ್ಲೂ ಬಗೆಹರಿಯದ್ದು ಕೊನೆಗೆ ಬಂದು ಬೀಳುವ ಜಾಗ 'ಪುಟ್ಟಿ'. ಆಮೇಲೆ ಬದಲಾಯಿಸೋಣ ಅಂದುಕೊಂಡಿದ್ದಳು. ಆ 'ಆಮೇಲೆ' ಬರಲೇ ಇಲ್ಲ. ಮನೆಯವರ ಸ್ವಭಾವ ಗೊತ್ತಿಲ್ಲದವರಿಗೆ ಅದರಲ್ಲಿ ತಲೆಬುಡ ತಿಳಿಯುವಂತಿರಲಿಲ್ಲ.

ಸಂದರ್ಶನಕ್ಕೆ ಮೊದಲು ಬಂದವನು ಮಾತಿನ ಮಲ್ಲ. ಪ್ರಪಂಚವನ್ನೇ ಬದಲಾಯಿಸುತ್ತೇನೆ ಅಂದವನು ಕೀಬೋರ್ಡಿನ ಮುಂದೆ ಕೂರಿಸಿದ ಕೂಡಲೇ ಮೌನವ್ರತ ಹಿಡಿದ. ಎರಡನೆಯವನ ಜೊತೆ ಅಪ್ಪನೂ ಬಂದಿದ್ದರು. ಕೇಳಿದ ಪ್ರಶ್ನೆಗೆಲ್ಲ ಅಪ್ಪನೇ ಉತ್ತರ ಕೊಟ್ಟರು, ಅದೂ ತಪ್ಪು ಉತ್ತರ. ಭಾವ ಇಬ್ಬರಿಗೂ "ಹೆಚ್ಚುಕಮ್ಮಿ ಆದ ಹಾಗೇನೇ" ಎಂದು ಬೆನ್ನು ತಟ್ಟಿ ಕಳಿಸಿದರು.

ಮೂರನೆಯವಳು ಕಾಲೇಜಿನ ಹುಡುಗಿ, ಮೂಗಿನ ತುದಿಗೆ ಜಾರುವ ಕನ್ನಡಕ. ಪುಟ್ಟಿ ಅವಳಿಗೂ ಅದೇ ಪರೀಕ್ಷೆ ಕೊಟ್ಟಳು.

"ಕೆಲವು ಸಲ ಒಂದೇ ಫ್ರಿಜ್ಜಿಗೆ ಇಬ್ಬರು ರಿಪೇರಿಯವರು ಹೋಗ್ಬಿಡ್ತಾರೆ. ಯಾಕೆ ಅಂತ ಹುಡುಕು ನೋಡೋಣ."

ಹುಡುಗಿ ಪರದೆಗೆ ಮುಖ ಅಂಟಿಸಿಕೊಂಡು ಓದಿದಳು. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ತುಟಿಯಂಚಿನಲ್ಲಿ ನಗು ಕಾಣಿಸಿತು.

"ಮೇಡಂ, ತಪ್ಪು ಈ ಭಾವಂದು. ಅತ್ತೆ ಇನ್ನೂ ವಿಚಾರಿಸ್ತಾ ಇರ್ತಾರೆ, ಅಷ್ಟರಲ್ಲೇ ಇವನು ಮಾತು ಕೊಟ್ಬಿಡ್ತಾನೆ. ಗಿರಾಕಿ ಬಟನ್ ಎರಡು ಸಲ ಒತ್ತಿದ್ರೆ ಎರಡು ಸಲಾನೂ ಕೊಡ್ತಾನೆ. ಅತ್ತೆ ಹೂಂ ಅನ್ನೋವರೆಗೂ ಇವನ ಬಾಯಿ ಕಟ್ಟಬೇಕು."

ತಡಿಕೆಯ ಆಚೆ ಅಕ್ಕ ಪಕಪಕನೆ ನಕ್ಕಳು. ಭಾವ ಕೆಮ್ಮಿದರು.

ಪುಟ್ಟಿಯ ಎದೆ ಹಗುರಾಯಿತು. ಸಿಕ್ಕಿಬಿಟ್ಟಳು! ಎರಡು ತಿಂಗಳು ಸಾಕು, ಈ ಹುಡುಗಿ ಮನೆಯನ್ನೆಲ್ಲ ಅರೆದು ಕುಡಿದುಬಿಡುತ್ತಾಳೆ. ಮನಸ್ಸಿನಲ್ಲೇ ಪುಟ್ಟಿ ಪೆಟ್ಟಿಗೆ ಕಟ್ಟತೊಡಗಿದಳು.

"ಇನ್ನೊಂದು, ಮೇಡಂ. ಎಲ್ಲರೂ ಕೊನೆಗೆ ಈ ಪುಟ್ಟಿ ಹತ್ರಾನೇ ಬರ್ತಾರೆ. ಅವಳನ್ನ ತೆಗೆದ್ರೆ ಏನಾಗುತ್ತೆ?"

"ತೆಗೆದು ನೋಡಿಲ್ಲ," ಅಂದಳು ಪುಟ್ಟಿ.

ಹುಡುಗಿ ಕನ್ನಡಕ ಮೇಲೇರಿಸಿದಳು. "ತಪ್ಪು ತಿಳ್ಕೋಬೇಡಿ. ಹೋದ ವರ್ಷ ಒಂದು ಕಡೆ ಸೇರಿದ್ದೆ. ಸೇರಿದ ವಾರಕ್ಕೇ ಹೇಳಿಕೊಡೋರು ಕೆಲಸ ಬಿಟ್ಟು ಹೋದ್ರು. ಬೇಸಿಗೆ ಪೂರ್ತಿ ಬಾತ್‌ರೂಮಿಗೆ ಹೋಗಿ ಹೋಗಿ ಅತ್ತಿದೀನಿ. ನೀವು ಇರ್ತೀರಲ್ವಾ? ರಜೆ ಮುಗಿದ ಮೇಲೂ ನಾನು ಕಾಲೇಜಿಂದ ಬಂದು ಕೆಲಸ ಮಾಡ್ತೀನಿ. ನೀವಿಲ್ಲ ಅಂದ್ರೆ ಮಾತ್ರ ನಾನು ಬರಲ್ಲ."

ತಡಿಕೆಯ ಆಚೆ ಲೆಕ್ಕದ ಯಂತ್ರದ ಟಕಟಕ ನಿಂತಿತು. ಭಾವ ಫೋನಿನಲ್ಲಿ ಆಡುತ್ತಿದ್ದ ಮಾತೂ ನಿಂತಿತು.

ಇಲ್ಲ ಅಂದರೆ ಹುಡುಗಿ ಹೋಗುತ್ತಾಳೆ, ಜೊತೆಗೆ ಪುಟ್ಟಿಯ ದಾರಿಯೂ ಮುಚ್ಚುತ್ತದೆ. ಸದ್ಯಕ್ಕೆ ಹೂಂ ಅನ್ನೋಣ, ಮೊದಲು ಒಳಗೆ ಬರಲಿ. ಒಂದು ಸುಳ್ಳಿಗೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

"ಇರ್ತೀನಿ," ಅಂದಳು ಪುಟ್ಟಿ. "ಎಲ್ಲಿಗೆ ಹೋಗ್ಲಿ?"

ಬಾಗಿಲು ತೆರೆಯಿತು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಳು. ಹೊರಗಿನವರಿದ್ದಾರೆ ಎಂಬ ಸಂಕೋಚವನ್ನೂ ಬಿಟ್ಟು ಬಂದು ಪುಟ್ಟಿಯ ತಲೆ ನೇವರಿಸಿದಳು.

"ಈಗ ಜೀವ ಬಂತು ಕಣೇ. ನೀನು ಒಬ್ಬಳೇ ಒದ್ದಾಡೋದು ನೋಡಿ ನೋಡಿ, ಒಂದಲ್ಲ ಒಂದಿನ ಎದ್ದು ಹೋಗ್ಬಿಡ್ತೀಯ ಅಂತ ನಂಗೆ ನಿದ್ದೆ ಇರ್ಲಿಲ್ಲ. ಅದಕ್ಕೇ ನೀನು ಕೇಳಿದ ತಕ್ಷಣ ಹೂಂ ಅಂದಿದ್ದು. ಜೊತೆಗೊಬ್ಬರು ಸಿಕ್ಕಿದ್ರೆ ನೀನು ಇರ್ತೀಯ ಅಂತ."

ಪುಟ್ಟಿಗೆ ಈಗಲೇ ಹೇಳಿಬಿಡಬೇಕು ಅನ್ನಿಸಿತು. "ಅಕ್ಕಾ..." ಎಂದಳು. ಅಕ್ಕನ ಕೈ ಇನ್ನೂ ಅವಳ ತಲೆಯ ಮೇಲೆಯೇ ಇತ್ತು. ಹುಡುಗಿ ಇಬ್ಬರನ್ನೂ ನೋಡಿ ಸಂತೋಷದಿಂದ ನಗುತ್ತಿದ್ದಳು. ಆಚೆ ಭಾವ ಆಗಲೇ ಯಾರಿಗೋ ಫೋನು ಹಚ್ಚಿದ್ದರು. "ಪಕ್ಕದ ಊರಲ್ಲೂ ಶುರು ಮಾಡೋಣ, ಸ್ವಾಮಿ. ಯೋಚನೆ ಯಾಕೆ? ನಮ್ಮ ಪುಟ್ಟಿ ಇರ್ತಾಳಂತೆ, ಈಗಷ್ಟೇ ಬಾಯಿಬಿಟ್ಟು ಹೇಳಿದ್ಲು."

"ಏನೇ?" ಅಂದಳು ಅಕ್ಕ.

"ಏನಿಲ್ಲ."

ದೊಡ್ಡ ಕಂಪನಿಗೆ ಪುಟ್ಟಿ ಇನ್ನಷ್ಟು ಸಮಯ ಬೇಕು ಎಂದು ಬರೆದಳು. ಅವರು ಬೇರೆಯವರನ್ನು ನೋಡಿಕೊಂಡರು. ಅವಳಿಲ್ಲದಿದ್ದರೂ ನಡೆಯುತ್ತದೆ ಎಂದು ಅವರು ಮೊದಲೇ ಹೇಳಿದ್ದರಲ್ಲ. ಯಾರ ಮೇಲಾದರೂ ರೇಗಬೇಕು ಅನ್ನಿಸುತ್ತಿತ್ತು ಅವಳಿಗೆ. ಆದರೆ ರೇಗುವಂಥವರು ಸುತ್ತಮುತ್ತ ಒಬ್ಬರೂ ಇರಲಿಲ್ಲ. ಎಲ್ಲರೂ ಒಳ್ಳೆಯವರೇ.

ಹುಡುಗಿ ಕೆಲಸಕ್ಕೆ ಸೇರುವ ದಿನ ಅಕ್ಕ ಭಾವ ಸೇರಿ ಹೊಸ ಮೇಜನ್ನು ಹೊತ್ತು ತಂದರು. ಕೋಣೆ ಇಕ್ಕಟ್ಟು. ಆ ಕಡೆ ಎಳೆದು, ಈ ಕಡೆ ತಳ್ಳಿ, ಕೊನೆಗೆ ಪುಟ್ಟಿಯ ಮೇಜನ್ನು ಕಿಟಕಿಗೆ ಒತ್ತರಿಸಿ, ಅವಳಿಗೂ ಬಾಗಿಲಿಗೂ ನಡುವೆ ಹೊಸದನ್ನು ಇಟ್ಟರು. ಹುಡುಗಿ ಕುರ್ಚಿ ಎಳೆದು ಕೂತ ಮೇಲೆ ಹಾದುಹೋಗಲು ಗೇಣು ಜಾಗವೂ ಉಳಿಯಲಿಲ್ಲ.

ಅವಳಿಗೇ ಪಾಪ ಅನ್ನಿಸಿರಬೇಕು. ಪುಟ್ಟಿಯ ಕಡೆ ತಿರುಗಿ ಮೆಲ್ಲಗೆ ಅಂದಳು:

"ಹೊರಗೆ ಹೋಗ್ಬೇಕಾದ್ರೆ ಹೇಳಿ ಅಕ್ಕಾ, ನಾನು ಎದ್ದು ದಾರಿ ಬಿಡ್ತೀನಿ."

"ಬೇಡ, ಕೂತ್ಕೋ," ಅಂದಳು ಪುಟ್ಟಿ.