ಮುಂದೆ ಅಂಗಡಿ, ಹಿಂದೆ ಮನೆ

ಈ ಕಥೆಯನ್ನು ಬಾಗಿಲಿನಿಂದ ಶುರು ಮಾಡಲೋ, ಕೋಷ್ಟಕದಿಂದಲೋ? ಬಾಗಿಲು ಎಂದರೆ ಯಾವುದು, ಅಂಗಡಿಯ ಷಟರೋ, ಹಿಂದಿನ ಮನೆಯ ಕದವೋ? ನೋಡಿ, ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ಸಿಕ್ಕಿಬಿದ್ದದ್ದು ನಾನೊಬ್ಬನೇ ಅಲ್ಲ.

೧. ಆಸ್ತಿ ಜಾಹೀರಾತಿನ ವೆಬ್‌ಸೈಟೊಂದಕ್ಕೆ ಡೇಟಾಬೇಸ್ ಕಟ್ಟುವವಳು ಇವಳು. ಆಫೀಸಿನಲ್ಲಿ ಅಡ್ಡಹೆಸರು ‘ಚೌಕಟ್ಟು’. ಅವಳ ಕೋಷ್ಟಕಗಳು ಎರಡು: ಮನೆಗಳದ್ದು, ಅಂಗಡಿಗಳದ್ದು. ಮನೆಗೆ ಕೋಣೆ ಎಷ್ಟು. ಅಂಗಡಿಗೆ ಷಟರ್ ಎಷ್ಟು ಅಗಲ. ಒಂದರ ಪ್ರಶ್ನೆ ಇನ್ನೊಂದಕ್ಕೆ ಬೇಡ. ಅಚ್ಚುಕಟ್ಟು.

(ಕೋಷ್ಟಕದ ಒಂದೊಂದು ಚೌಕಕ್ಕೂ ‘ಮನೆ’ ಎನ್ನುತ್ತೇವೆ, ಚದುರಂಗದಲ್ಲಿ ಎನ್ನುವ ಹಾಗೆ. ನೆನಪಿರಲಿ, ಕೊನೆಗೆ ಬೇಕಾಗುತ್ತದೆ.)

೨. (ಇಲ್ಲಿ ಡೇಟಾಬೇಸಿನ ಇತಿಹಾಸ ಬರೆದಿದ್ದೆ. ಹರಿದು ಹಾಕಿದ್ದೇನೆ. ಥ್ಯಾಂಕ್ಸ್ ಬೇಡ.)

೩. ಅವಳ ಸೋದರತ್ತೆ ಟೈಲರ್. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಹೆಬ್ಬೆರಳಿನ ಕೀಲುನೋವು ಜಾಸ್ತಿಯಾಗಿ, ತಿಂಗಳ ಕೊನೆಗೆ ತಂಗಿಯ ಮನೆಗೆ ಹೊರಟಿದ್ದಾಳೆ. ಹೊಲಿಯುವವರೇ ಬಾಡಿಗೆಗೆ ಬರಬೇಕು, ಹಿಂದೆ ವಾಸವಿದ್ದು ಮುಂದೆ ಮಷೀನು ನಡೆಸಬೇಕು, ಅದೊಂದೇ ಹಟ. ಚೌಕಟ್ಟು ಆ ಜಾಗವನ್ನು ಎರಡೂ ಕೋಷ್ಟಕಗಳಲ್ಲಿ ಒಂದೊಂದು ಸಲ ಹಾಕಿದಳು. ಭಾನುವಾರ ಹತ್ತಕ್ಕೆ ಮನೆ ಬೇಕಾದವರು ಬಂದರು, ಹತ್ತೂಕಾಲಿಗೆ ಅಂಗಡಿ ಬೇಕಾದವರು. ಪರದೆಯ ಆಚೆ ಈಚೆ ನಿಂತು ಜಗಳವಾಡಿ ಇಬ್ಬರೂ ಹೊರಟುಹೋದರು.

“ಇರೋ ಒಂದು ಜಾಗಾನ ಎರಡು ತುಂಡು ಮಾಡಿದೀಯಲ್ಲೇ!” ಅತ್ತೆ ಫೋನಿನಲ್ಲಿ ರೇಗಿದಳು.

“ಸಿಸ್ಟಮ್ಮಲ್ಲಿ ಹಾಗೇ ಬರೋದು ಅತ್ತೆ.”

“ಅಳತೆ ತಪ್ಪಿದ್ರೆ ಗಿರಾಕೀನ ಕತ್ತರಿಸ್ತಾರೇನೇ? ಹೊಲಿಗೆ ಬಿಚ್ಚು!”

೪. ಸೋಮವಾರ ನಾಲ್ಕಕ್ಕೆ ಮೀಟಿಂಗು. ವಿನ್ಯಾಸಕ್ಕೆ ಸಹಿ ಬಿದ್ದರೆ ವರ್ಷವಿಡೀ ಮುಟ್ಟುವಂತಿಲ್ಲ. ಚೌಕಟ್ಟು ಅಷ್ಟರಲ್ಲಿ ಹೊಲಿಗೆ ಬಿಚ್ಚಿದ್ದಳು. ‘ಜಾಗ’ ಎಂಬ ಹೊಸ ಕೋಷ್ಟಕ: ನಂಬರು, ವಿಳಾಸ, ಅಳತೆ, ಮಾಲೀಕರು. ಮನೆಯ ವಿವರವೂ ಅಂಗಡಿಯ ವಿವರವೂ ಬೇರೆ ಬೇರೆಯೇ, ಆದರೆ ಎರಡಕ್ಕೂ ಅದೇ ನಂಬರಿನ ಗಂಟು.

“ಟೈಪ್ ಅಂತ ಒಂದು ಕಾಲಂ ಇಟ್ಟು, ಮನೆ ಅಥವಾ ಅಂಗಡಿ ಅಂತ ಹಾಕಿದ್ರೆ ಮುಗೀತಲ್ಲ ಮೇಡಂ?” ಎಂದ ಮ್ಯಾನೇಜರ್.

“‘ಅಥವಾ’ ಅಂದಿದ್ದಕ್ಕೇ ನಮ್ಮತ್ತೆ ಹತ್ರ ಬೈಸ್ಕೊಂಡಿದ್ದು ಸಾರ್. ‘ಮತ್ತು’ ಬೇಕು.”

“ನಿಮ್ಮತ್ತೆ ಒಬ್ಬರಿಗೋಸ್ಕರಾನಾ?”

ಅವಳು ಎಣಿಸಿಯೇ ಬಂದಿದ್ದಳು. ಎರಡೂ ಕಡೆ ಸಿಕ್ಕಿಕೊಂಡ ವಿಳಾಸಗಳು ನಾನೂರ ಹನ್ನೆರಡು.

(“ಸುಮಾರು ನಾನೂರು ಅಂತ ಬರೀಲಾ? ಓದೋಕೆ ಸಲೀಸು,” ಎಂದೆ ನಾನು. “ಎಣಿಸಿದ್ದು ನೀವಾ, ನಾನಾ?” ಎಂದಳು. ಹನ್ನೆರಡು ಉಳಿಯಿತು.)

ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದ.

೫. ಈಗ ಅಂತ್ಯ. ಒಂದು: ಹೊಲಿಗೆಯ ದಂಪತಿ ಬರುತ್ತಾರೆ, ಅತ್ತೆ ಕತ್ತರಿ ಒಪ್ಪಿಸುತ್ತಾಳೆ, ಎಲ್ಲರ ಕಣ್ಣೂ ಒದ್ದೆ. ಎರಡು: ಯಾರೂ ಬರುವುದಿಲ್ಲ, ಷಟರ್ ಎಳೆಯುವ ಸದ್ದು. ಚೌಕಟ್ಟು ಎರಡಕ್ಕೂ ಮೂಗು ಮುರಿದಳು.

“ಗೊತ್ತಿಲ್ಲದ್ದನ್ನ ತುಂಬಬೇಡಿ. ‘ಬಾಡಿಗೆದಾರರು’ ಅನ್ನೋ ಮನೆ ಖಾಲಿ ಬಿಡಿ. ಖಾಲಿ ಅಂದ್ರೆ ಯಾರೂ ಇಲ್ಲ ಅಂತಲ್ಲ; ಇನ್ನೂ ಗೊತ್ತಿಲ್ಲ ಅಂತ.”

ಬಿಟ್ಟಿದ್ದೇನೆ. ಕೋಷ್ಟಕದಲ್ಲಿ ಆ ಮನೆ ಖಾಲಿ. ಅತ್ತೆಯದು ಖಾಲಿಯಿಲ್ಲ: ಮಂಗಳವಾರ ಬೆಳಿಗ್ಗೆ, ಪರದೆಯ ಈಚೆ ಮಷೀನು ಓಡುತ್ತಿದೆ, ಆಚೆ ಹಾಲು ಇನ್ನೇನು ಉಕ್ಕಬೇಕು. ಫೋನು ಬಂತು.

“ಜಾಗ ನೋಡೋಕೆ ಬರಬೋದಾ?”

“ಮುಂದಿಂದಾ, ಹಿಂದಿಂದಾ?” ಎಂದಳು ಅತ್ತೆ.

ಆ ಕಡೆಯವರು ಏನೋ ಹೇಳಿದರು. ಅತ್ತೆ ಪೆಡಲಿನಿಂದ ಕಾಲು ತೆಗೆದಳು, ಮತ್ತು