ರೇಡಿಯೋ ಸಲೂನಿನ ವಾರ್ತೆಗಳು

"ಆಮೇಲೆ ನಾನು ಒಂದು ಛಾವಣಿಯಿಂದ ಇನ್ನೊಂದು ಛಾವಣಿಗೆ ಹಾರಿದೆ ನೋಡಿ," ಎಂದರು ನಿವೃತ್ತ ಇನ್‌ಸ್ಪೆಕ್ಟರು, ಸಲೂನಿನ ಬೆಂಚಿನ ಮೇಲೆ ಕಾಲಮೇಲೆ ಕಾಲು ಹಾಕಿಕೊಂಡು. "ಗಡ್ಡದ ಕಳ್ಳ ಮುಂದೆ, ನಾನು ಹಿಂದೆ. ಅವನ ಚೀಲದಲ್ಲಿ ಕದ್ದ ಗಡಿಯಾರಗಳು ಟಿಕ್ ಟಿಕ್ ಅಂತಿರೋದು ನನ್ನ ಕಿವಿಗೇ ಕೇಳಿಸ್ತಿತ್ತು!"

ಅಂಗಡಿಯ ಯಜಮಾನ ರೇಡಿಯೋನ ಕತ್ತರಿ ಗಿರಾಕಿಯ ಕಿವಿಯ ಹಿಂದೆ ಗಕ್ಕನೆ ನಿಂತಿತು. ಛಾವಣಿ ಹೊಸದು. ಕಳೆದ ಸಲ ಸಾಹೇಬರು ಕಳ್ಳನನ್ನು ಅಟ್ಟಿಸಿಕೊಂಡು ಹೋಗಿದ್ದು ಬೀದಿಯುದ್ದಕ್ಕೂ. ಅದಕ್ಕೂ ಹಿಂದಿನ ಸಲ ಬರೀ ಬಾಗಿಲಿನವರೆಗೆ. ನಿಜಕ್ಕೂ ಏನು ನಡೆಯಿತೆಂಬುದನ್ನು ಕಣ್ಣಾರೆ ಕಂಡವನು ರೇಡಿಯೋ ಒಬ್ಬನೇ, ಏಕೆಂದರೆ ಅದು ನಡೆದದ್ದು ಇದೇ ಅಂಗಡಿಯಲ್ಲಿ. ಮೊದಲಿನ ಕಾಲವಾಗಿದ್ದರೆ "ಸಾಹೇಬ್ರೇ, ಕಾಲು ಜಾರೀತು, ಮೆಲ್ಲಗೆ ಕೆಳಗಿಳೀರಿ" ಎಂದು ಒಂದೇ ಮಾತಿನಲ್ಲಿ ಅವರನ್ನು ನೆಲಕ್ಕೆ ತಂದು ನಿಲ್ಲಿಸುತ್ತಿದ್ದ. ಈಗ ಅವನಿಂದ ಹೊರಡುವುದು ಬರೀ ಉಸಿರು. ಅದೂ ಬಾಯಿಂದಲ್ಲ, ಕತ್ತಿನಲ್ಲಿ ಡಾಕ್ಟರು ಕೊರೆದ ತೂತಿನಿಂದ.

ಅವನಿಗೆ ರೇಡಿಯೋ ಎಂಬ ಹೆಸರು ಬಿದ್ದದ್ದೇ ಬಾಯಿಯಿಂದ. ಬೆಳಿಗ್ಗೆ ಬಾಗಿಲು ತೆಗೆದಾಗ ಶುರುವಾದ ಮಾತು ಸಂಜೆ ಬಾಗಿಲು ಎಳೆಯುವವರೆಗೆ ನಿಲ್ಲುತ್ತಿರಲಿಲ್ಲ. ಕೂದಲು ಬೆಳೆಯದವರೂ ಬಂದು ಬೆಂಚಿನಲ್ಲಿ ಕೂರುತ್ತಿದ್ದರು. "ಸ್ವಲ್ಪ ಬಾಯಿಗೆ ಬೀಗ ಹಾಕ್ರೀ, ಪುಣ್ಯ ಬರುತ್ತೆ" ಎಂದು ಹೆಂಡತಿ ದಿನಕ್ಕೊಮ್ಮೆಯಾದರೂ ಗದರುತ್ತಿದ್ದಳು. ಗಂಟಲಲ್ಲಿ ಗಡ್ಡೆ ಎದ್ದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿ ಬಂದ ಮೇಲೆ ಅವಳು ಆ ಮಾತನ್ನು ಮತ್ತೆ ಆಡಲಿಲ್ಲ. ಮನೆಯಲ್ಲಿ ಅವಳೂ ಮೆಲ್ಲಗೆ ಮಾತಾಡತೊಡಗಿದಳು, ಯಾರೋ ಮಲಗಿದ್ದಾರೆ ಎನ್ನುವ ಹಾಗೆ.

ಕೆಲಸಕ್ಕೇನೂ ಕುಂದಾಗಿರಲಿಲ್ಲ. ಕೈ ಮೊದಲಿನಂತೆಯೇ ಓಡುತ್ತಿತ್ತು. ಆದರೆ ಗಿರಾಕಿಗಳು ಅವನಿಗೆ ಕಿವಿಯೂ ಹೋಗಿದೆ ಎಂದುಕೊಂಡು "ಹಿಂದುಗಡೆ ಸಣ್ಣಗೆ ಮಾಡೀ!" ಎಂದು ಕಿರುಚುತ್ತಿದ್ದರು. ಅವನು ಸ್ಲೇಟಿನಲ್ಲಿ ಉತ್ತರ ಬರೆದು ಎತ್ತಿ ಹಿಡಿಯುವಷ್ಟರಲ್ಲಿ ಮಾತು ಬೇರೆ ಊರು ತಲುಪಿರುತ್ತಿತ್ತು. ಬೆಂಚು ಮೆಲ್ಲಮೆಲ್ಲನೆ ಖಾಲಿಯಾಯಿತು. ಕೊನೆಗೆ ಉಳಿದದ್ದು ಇನ್‌ಸ್ಪೆಕ್ಟರು ಒಬ್ಬರೇ. ಖಾಲಿ ಬಿದ್ದ ಮಾತಿನ ಜಾಗವನ್ನು ಅವರು ಒತ್ತುವರಿ ಮಾಡಿಕೊಂಡಿದ್ದರು. ಪಕ್ಕದ ಮೊಬೈಲ್ ಅಂಗಡಿಯವನು ಸಲೂನಿನ ಜಾಗ ಬಿಟ್ಟುಕೊಡುತ್ತೀಯಾ ಎಂದು ಕೇಳಿದಾಗ ರೇಡಿಯೋ ಆಗುವುದಿಲ್ಲ ಎಂದು ತಲೆ ಆಡಿಸಲಿಲ್ಲ. ಯೋಚಿಸುತ್ತೇನೆ ಎಂದು ಕೈಸನ್ನೆ ಮಾಡಿದ.

ಅದು ಮಗಳ ಕಿವಿಗೆ ಬಿತ್ತು. ಅವಳು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಮಾತು ಕಡಿಮೆ. "ನಮ್ಮಿಬ್ಬರ ಪಾಲಿನದ್ದೂ ಅವಳಪ್ಪನೇ ಆಡಿ ಮುಗಿಸ್ತಾರೆ" ಎಂದು ತಾಯಿ ನಗುತ್ತಿದ್ದಳು. ಮರುದಿನ ಮಗಳು ಒಂದು ಹಳೇ ಲ್ಯಾಪ್‌ಟಾಪ್ ತಂದು ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಪೌಡರ್ ಡಬ್ಬಿಗಳನ್ನು ಸರಿಸಿ ಇಟ್ಟಳು. ಕೀಲಿಗಳ ಮೇಲೆಲ್ಲ ಕನ್ನಡ ಅಕ್ಷರದ ಚೀಟಿ ಅಂಟಿಸಿದ್ದಳು.

"ಇದರಲ್ಲಿ ಟೈಪ್ ಮಾಡಿ, ಈ ದೊಡ್ಡ ಕೀಲಿ ಒತ್ತಿ ಅಪ್ಪಾ. ನೀವು ಬರೆದದ್ದನ್ನ ಅದು ಓದುತ್ತೆ."

ರೇಡಿಯೋ ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ, 'ಹೆಂಗಿದೀಯಾ ಮಗಳೆ' ಎಂದು ಒತ್ತಿದ. ಯಂತ್ರ 'ಹೆಂಗಿದೀಯಾ'ವನ್ನು ಎಲ್ಲೆಲ್ಲೋ ತುಂಡರಿಸಿ, ಗಂಟಲಲ್ಲಿ ಮುಳ್ಳು ಸಿಕ್ಕವನ ಹಾಗೆ ಓದಿತು.

"ಆಡುಮಾತು ಅದಕ್ಕೆ ಕಷ್ಟ. ಪುಸ್ತಕದ ಭಾಷೆ ಹಾಕಿ ನೋಡಿ," ಎಂದಳು ಮಗಳು.

'ಹೇಗಿದ್ದೀಯೆ ಮಗಳೆ?' ಈ ಸಲ ಸಲೀಸಾಗಿ ಬಂತು. ಗಂಡಸಿನ ದನಿ, ಗರಿಗರಿ ಇಸ್ತ್ರಿ ಮಾಡಿದ ದನಿ. ಸಾವಿನ ಸುದ್ದಿಯನ್ನೂ ಹವಾಮಾನದ ಸುದ್ದಿಯನ್ನೂ ಒಂದೇ ಮುಖದಲ್ಲಿ ಹೇಳುವ ವಾರ್ತಾವಾಚಕನದು. ರೇಡಿಯೋ ಮುಖ ಕಿವುಚಿದ. ಸ್ವಂತ ಅಂಗಡಿಯಲ್ಲಿ ಯಾವನೋ ಪರಕೀಯ ಬಂದು ತನ್ನ ಪರವಾಗಿ ಮಾತಾಡಿದಂತಿತ್ತು.

ಮೊದಲ ದಿನವೇ ಎಡವಟ್ಟಾಯಿತು. ಬೇಕರಿಯವನು ಕಟಿಂಗಿಗೆ ಕೂತು, "ಹೊಸಾ ಓವನ್ ಬಂತು ರೇಡಿಯೋ, ಮೂರು ಪಟ್ಟು ದೊಡ್ಡದು" ಎಂದ. ಖುಷಿಯ ಸಂಗತಿ. ರೇಡಿಯೋ ಕತ್ತರಿ ಕೆಳಗಿಟ್ಟು ಟೈಪ್ ಮಾಡತೊಡಗಿದ. ಒತ್ತಕ್ಷರ ಸಿಗದೆ ತಡಕಾಡಿದ, ತಪ್ಪಾದದ್ದನ್ನು ಅಳಿಸಿದ, ಮತ್ತೆ ಹೊಡೆದ. ಅಷ್ಟರಲ್ಲಿ ಬೇಕರಿಯವನು ಮಾತನ್ನು ಓವನ್ನಿನಿಂದ ಮನೆಗೆ ಹೊರಳಿಸಿ, "ಆದ್ರೆ ಏನ್ ಸುಖ? ಹೋದ ವಾರ ನಮ್ಮತ್ತೆ ತೀರಿಕೊಂಡ್ರು" ಎಂದು ನಿಟ್ಟುಸಿರು ಬಿಟ್ಟ.

ಆ ಕ್ಷಣವೇ ಯಂತ್ರ ಗಂಭೀರವಾಗಿ ನುಡಿಯಿತು: "ಬಹಳ ಒಳ್ಳೆಯದಾಯಿತು. ಸಿಹಿ ಯಾವಾಗ ಹಂಚುತ್ತೀರಿ?"

ಬೇಕರಿಯವನು ಕನ್ನಡಿಯಲ್ಲಿ ಅವನನ್ನೇ ದಿಟ್ಟಿಸಿದ. ಸ್ಲೇಟನ್ನು ಆ ದಿನ ಮನೆಯಲ್ಲೇ ಬಿಟ್ಟು ಬಂದಿದ್ದ ರೇಡಿಯೋ ಎರಡೂ ಕೈಯಾಡಿಸಿದ, ಓವನ್ನಿನ ಆಕಾರ ಬಿಡಿಸಿ ತೋರಿಸಿದ, ಎದೆ ಮುಟ್ಟಿಕೊಂಡ. ಏನು ಮಾಡಿದರೂ ಅದು ಓವನ್ ಎಂದು ಬೇಕರಿಯವನಿಗೆ ಹೊಳೆಯಲಿಲ್ಲ. ಕಟಿಂಗ್ ಮುಗಿದದ್ದೇ ದುಡ್ಡು ಹಲಗೆಯ ಮೇಲಿಟ್ಟು ಎದ್ದ. ಅವನು ಹೊರಟ ಮೇಲೆ ರೇಡಿಯೋ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿ, ಸಂಜೆ ಮನೆಗೆ ತಂದು ಮಗಳ ಮುಂದೆ ಇಟ್ಟು, ಕೈಮುಗಿದುಬಿಟ್ಟ.

ಮಗಳು ನಡೆದದ್ದನ್ನು ಆಗಲೇ ಬೇಕರಿಯವನ ಬಾಯಲ್ಲೇ ಕೇಳಿ, ಅವನಿಗೆ ಸಮಾಧಾನ ಹೇಳಿ ಬಂದಿದ್ದಳು. "ನಿಮ್ಮ ಕೈ ನಿಧಾನ ಅಂತ ನೀವು ಅಂದುಕೊಂಡಿದೀರ," ಎಂದಳು. "ಅದಲ್ಲ ಅಪ್ಪಾ. ಜನ ಕಾಯ್ತಿಲ್ಲ, ಅಷ್ಟೆ. ಮೊದಲು ನಿಮ್ಮ ಕಥೆ ಮುಗಿಯೋವರೆಗೂ ಬಸ್ ತಪ್ಪಿಸಿಕೊಂಡು ಕೂತಿರ್ತಿದ್ದವರು ಇವರೇ ತಾನೆ? ಕಾಯೋ ಹಾಗೆ ಮಾಡಿ."

ಹೇಳುವುದು ಸುಲಭ ಎಂಬಂತೆ ಅವನು ಕೈ ಕೊಡವಿದ. ಲ್ಯಾಪ್‌ಟಾಪ್ ಊಟದ ಮೇಜಿನ ಮೇಲೆಯೇ ಉಳಿಯಿತು.

ರಜೆಯ ದಿನ ಬೆಳಿಗ್ಗೆ ಹೆಂಡತಿ ಕೋಣೆಯಿಂದ ಗೊಣಗಿಕೊಂಡು ಬಂದಳು. "ಒದ್ದೆ ಟವೆಲ್ಲನ್ನ ಹಾಸಿಗೆ ಮೇಲೆ ಹಾಕಿದ್ದಾರೆ. ಹೇಳಿ ಹೇಳಿ ಸಾಕಾಯ್ತು." ಹೇಳಿದ್ದು ಅವನಿಗೂ ಅಲ್ಲ, ಗೋಡೆಗೂ ಅಲ್ಲ. ಉತ್ತರ ಬಾರದ ಮನೆಯಲ್ಲಿ ಮಾತು ಹಾಗೆಯೇ ಆಗಿಹೋಗಿತ್ತು. ಅವಳು ಒಲೆಯ ಕಡೆ ತಿರುಗಿದಳು. ಹಿಂದಿನಿಂದ ಟಕ್ ಟಕ್ ಸದ್ದು ಬರುತ್ತಿತ್ತು.

"ಟವೆಲ್ ನನ್ನದಲ್ಲ," ಎಂದಿತು ವಾರ್ತಾವಾಚಕನ ದನಿ. "ನಿನ್ನದು."

"ನನ್ನದಾ? ನಂದು ನೀಲಿ ಬಣ್ಣದ್ದು!"

ಟಕ್ ಟಕ್ ಟಕ್. "ಅದೂ ನೀಲಿಯೇ."

"ಏನು ಕಣ್ಣು ಕಾಣಲ್ವಾ ನಿಮಗೆ? ಅದನ್ನ ನೀಲಿ ಅಂತಾರಾ ಯಾರಾದ್ರೂ?" ಅವಳು ಧುಮುಗುಟ್ಟುತ್ತ ಕೋಣೆಗೆ ಹೋದಳು, ಟವೆಲ್ ಹಿಡಿದು ಬಾಗಿಲಲ್ಲಿ ನಿಂತಳು. ಅದು ನೀಲಿಯೇ ಆಗಿತ್ತು. ಅವಳು ಟವೆಲನ್ನು ನೋಡಿದಳು, ಗಂಡನನ್ನು ನೋಡಿದಳು. ಅವನ ಬೆರಳು ಮುಂದಿನ ಮಾತಿಗೆ ಕೀಲಿಯ ಮೇಲೆಯೇ ಕಾದು ನಿಂತಿತ್ತು.

"ಆಪರೇಷನ್ ಆದಾಗಿಂದ ನಾವು ಜಗಳವೇ ಆಡಿರಲಿಲ್ಲ ಅಲ್ವೇನ್ರೀ," ಎಂದಳು. ಅವಳ ದನಿ ಹಳೆಯ ಎತ್ತರಕ್ಕೆ ಬಂದಿತ್ತು. ಅದು ಅವಳಿಗೇ ಗೊತ್ತಾಗಿ, ಟವೆಲಿನಲ್ಲಿ ಮುಖ ಒತ್ತಿಕೊಂಡು ನಕ್ಕಳು. ಒತ್ತಿಕೊಂಡ ಮುಖವನ್ನು ಬಹಳ ಹೊತ್ತು ಎತ್ತಲಿಲ್ಲ.

ಆ ದಿನವಿಡೀ ರೇಡಿಯೋ ಟೈಪ್ ಮಾಡಿದ. ಮೊಸರಿನ ಬಗ್ಗೆ, ನೆರೆಯವರ ನಾಯಿಯ ಬಗ್ಗೆ, ಅಳಿಯನಾಗುವವನು ಬಂದರೆ ಅವನ ಕೂದಲು ಹೇಗಿರಬೇಕೆಂಬುದರ ಬಗ್ಗೆ. ಹೆಂಡತಿ ಪ್ರತಿಯೊಂದಕ್ಕೂ ಸೊಂಟದ ಮೇಲೆ ಕೈಯಿಟ್ಟು ಕಾದಳು. ಅವಳು ಕಾಯುವುದನ್ನು ನೋಡುತ್ತ ನೋಡುತ್ತ ಅವನಿಗೊಂದು ಉಪಾಯ ಹೊಳೆಯಿತು. ಇವಳು ಕಾಯುವುದು ಜಗಳದಲ್ಲಿ ಸೋಲಬಾರದು ಎಂದು. ಅಂಗಡಿಯಲ್ಲಿ ಕಾಯಲೇಬೇಕಾದವನು ಯಾರು? ಮುಖದ ಒಂದು ಕಡೆ ಗಡ್ಡ, ಇನ್ನೊಂದು ಕಡೆ ನುಣುಪು ಇದ್ದವನು. ಅವನು ಎದ್ದು ಎಲ್ಲಿಗೆ ಹೋಗುತ್ತಾನೆ?

ಮುಂದಿನ ವಾರ ಇನ್‌ಸ್ಪೆಕ್ಟರು ಶೇವಿಂಗಿಗೆ ಬಂದಾಗ ಬೆಂಚಿನಲ್ಲಿ ಬೇಕರಿಯವನೂ ಇನ್ನೂ ಒಂದಿಬ್ಬರೂ ಇದ್ದರು. ಹಲಗೆಯ ಮೇಲೆ ಲ್ಯಾಪ್‌ಟಾಪ್ ಮತ್ತೆ ಬಂದಿರುವುದನ್ನು ಕಂಡು ಬೇಕರಿಯವನು ಬೆಂಚಿನಲ್ಲಿ ಸ್ವಲ್ಪ ಹಿಂದಕ್ಕೆ ಸರಿದು ಕೂತ. ಸಾಹೇಬರು ಬಿಳಿ ಬಟ್ಟೆ ಹೊದೆಸಿಕೊಳ್ಳುತ್ತಲೇ ಶುರುಮಾಡಿದರು. "ಛಾವಣಿ ಮೇಲೆ ಕಳ್ಳ ತಿರುಗಿ ಚಾಕು ತೆಗೆದ ನೋಡಿ!"

ರೇಡಿಯೋ ಲ್ಯಾಪ್‌ಟಾಪ್ ತೆರೆದ. ನೀಲಿ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿತ್ತು: 'ನವೀಕರಣ ನಡೆಯುತ್ತಿದೆ. ದಯವಿಟ್ಟು ಆಫ್ ಮಾಡಬೇಡಿ.' ಈ ಹೊತ್ತಿಗೇ! ಅವನ ಕತ್ತಿನ ತೂತಿನಿಂದ ಸುಸ್ ಎಂದು ಉಸಿರು ಹೊರಟಿತು. ಬ್ರಷ್ ಎತ್ತಿಕೊಂಡು ನೊರೆ ಹಚ್ಚತೊಡಗಿದ. ಚಕ್ರ ತಿರುಗುತ್ತಿತ್ತು, ಬ್ರಷ್ಷೂ ತಿರುಗುತ್ತಿತ್ತು. ಗದ್ದ ಮುಗಿಯಿತು, ಕೆನ್ನೆ ಮುಗಿಯಿತು. ಮತ್ತೆ ಗದ್ದಕ್ಕೆ ಬಂದ.

"ಏನಯ್ಯಾ, ಗೋಡೆಗೆ ಸುಣ್ಣ ಹೊಡೀತಿದೀಯಾ?" ಎಂದರು ಸಾಹೇಬರು. "ಆಯ್ತು, ನಾನೇನು ಮಾಡಿದೆ, ಆ ಚಾಕು ಹಿಡಿದ ಕೈನ—"

ಪರದೆ ಬೆಳಗಿತು. ರೇಡಿಯೋ ಬ್ರಷ್ಷನ್ನು ಮೀಸೆಯ ಮೇಲಿಂದ ತುಟಿಯವರೆಗೆ ಧಾರಾಳವಾಗಿ ಎಳೆದ. ಸಾಹೇಬರ ಬಾಯಿ ನೊರೆಯಡಿ ಮುಚ್ಚಿಕೊಂಡಿತು. ಕತ್ತಿಯಿಂದ ಎಡಗೆನ್ನೆಯನ್ನು ನುಣ್ಣಗೆ ಬೋಳಿಸಿದ, ಕತ್ತಿ ಒರೆಸಿ ಕೆಳಗಿಟ್ಟ, ಕೈ ಒರೆಸಿಕೊಂಡ. ಆಮೇಲೆ ಬೆಂಚಿನತ್ತ ತಿರುಗಿ ತೋರುಬೆರಳನ್ನು ಮೇಲಕ್ಕೆತ್ತಿದ. ಹಿಂದೆ ಕಥೆ ಶುರುಮಾಡುವಾಗ ಎತ್ತುತ್ತಿದ್ದುದೇ ಹೀಗೆ.

ಬೆಂಚು ಗಪ್‌ಚುಪ್ಪಾಯಿತು. ಟಕ್, ಟಕ್.

"ವಾರ್ತೆಗಳು," ಎಂದಿತು ಯಂತ್ರ. "ಓದುತ್ತಿರುವವರು, ರೇಡಿಯೋ."

ಯಾರೋ ಕಿಸಕ್ಕೆಂದರು. ರೇಡಿಯೋ ಅವಸರಿಸಲಿಲ್ಲ. ಅವನು ಟೈಪ್ ಮಾಡುವಾಗ ಬೆಂಚಿನವರ ಕತ್ತುಗಳು ಅವನ ಬೆರಳಿನ ಜೊತೆಗೇ ಅತ್ತಿತ್ತ ಹೊರಳುತ್ತಿದ್ದುದನ್ನು ಕನ್ನಡಿಯಲ್ಲಿ ನೋಡಿದ.

"ಗಡಿಯಾರದ ಕಳ್ಳ ಛಾವಣಿಯ ಮೇಲೆ ಇರಲಿಲ್ಲ. ಈ ಬೆಂಚಿನ ಮೇಲೆ ಇದ್ದ. ಸಾಹೇಬರ ಪಕ್ಕದಲ್ಲಿ."

"ಹೂಂ! ಹೂಂ!" ಎಂದರು ಸಾಹೇಬರು ನೊರೆಯೊಳಗಿನಿಂದ.

ಟಕ್ ಟಕ್. ಬೇಕರಿಯವನು ಬೆಂಚಿನ ಅಂಚಿಗೆ, ಮುಂದಕ್ಕೆ ಸರಿದ.

"ಕಳ್ಳನನ್ನು ಹೇಗೆ ಹಿಡಿಯುತ್ತೇನೆ ಎಂಬುದನ್ನು ಸಾಹೇಬರು ಅವನಿಗೆ ವಿವರವಾಗಿ ತಿಳಿಸಿದರು. ಅವನು ಆಸಕ್ತಿಯಿಂದ ಕೇಳಿದ."

ನಗೆ ಒಡೆಯಿತು. ಆ ದನಿಯಲ್ಲಿ ನಗುವಿನ ಸುಳಿವೂ ಇಲ್ಲದಿರುವುದೇ ನಗುವನ್ನು ಇಮ್ಮಡಿಸುತ್ತಿತ್ತು. ರೇಡಿಯೋ ಅದು ತಗ್ಗುವವರೆಗೆ ಕಾದ. ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದು ಗಂಟಲಿನ ಜೊತೆ ಹೋಗಿರಲಿಲ್ಲ.

"ಕಳ್ಳ, ಬಸ್ಸಿಗೆ ಹೊತ್ತಾಯಿತು ಎಂದ. ಸಾಹೇಬರು ತಮ್ಮ ಸರದಿಯನ್ನು ಅವನಿಗೆ ಬಿಟ್ಟುಕೊಟ್ಟರು."

ಬೇಕರಿಯವನು ಹೊಟ್ಟೆ ಹಿಡಿದುಕೊಂಡು ಬಗ್ಗಿದ. ಹೊರಗೆ ಹೋಗುತ್ತಿದ್ದವರು ಏನಾಯಿತೆಂದು ಬಾಗಿಲಲ್ಲಿ ಇಣುಕಿದರು.

"ಆಮೇಲೆ ಸಾಹೇಬರು ಗಡ್ಡದ ಕಳ್ಳನನ್ನು ಊರೆಲ್ಲ ಹುಡುಕಿದರು. ಗಡ್ಡ ಇಲ್ಲೇ, ನೆಲದ ಮೇಲೆ ಬಿದ್ದಿತ್ತು. ವಾರ್ತೆಗಳು ಮುಕ್ತಾಯವಾದವು."

ಇನ್‌ಸ್ಪೆಕ್ಟರು ಬಟ್ಟೆಯಡಿಯಿಂದ ಕೈ ಹೊರಗೆಳೆದು ಬಾಯಿಯ ನೊರೆಯನ್ನು ಒರೆಸಿಕೊಂಡರು. ಅರ್ಧ ಮುಖ ಕೆಂಪಾಗಿತ್ತು. ಇನ್ನರ್ಧ ಬೆಳ್ಳಗೆ ನೊರೆಯಲ್ಲಿತ್ತು. "ಅಲ್ಲಯ್ಯಾ," ಎಂದು ಗುಡುಗಿದರು, "ಅವನು ನೋಡೋಕೆ ಒಳ್ಳೇ ಮರ್ಯಾದಸ್ಥನ ಹಾಗಿದ್ದ ಕಣಯ್ಯಾ!"

ಹೇಳಿಬಿಟ್ಟ ಮೇಲೆ ತಾವೇನು ಒಪ್ಪಿಕೊಂಡೆವೆಂದು ಅವರಿಗೆ ತಿಳಿಯಿತು. ಅವರ ಬಾಯಿ ಇನ್ನೂ ತೆರೆದೇ ಇತ್ತು. ಅಷ್ಟರಲ್ಲಿ ರೇಡಿಯೋನ ಬೆರಳು ಕೀಲಿಗಳ ಮೇಲೆ ಹಾರಾಡಿತು. ಅಕ್ಷರ ಹುಡುಕಲಿಲ್ಲ, ತಡಕಾಡಲಿಲ್ಲ.

"ಶೇವಿಂಗ್ ಆದ ಮೇಲೆ," ಎಂದಿತು ಯಂತ್ರ.

ಅಂಗಡಿ ಬಿದ್ದು ಬಿದ್ದು ನಕ್ಕಿತು. ಮೊದಲು ಬೆಂಚು, ಆಮೇಲೆ ಬಾಗಿಲಲ್ಲಿ ನಿಂತವರು, ಕೊನೆಗೆ, ತಡೆಯಲು ನೋಡಿ ತಡೆಯಲಾರದೆ, ಸಾಹೇಬರೂ. ಅವರ ನಗೆಗೆ ನೊರೆಯ ತುಣುಕುಗಳು ಕನ್ನಡಿಗೆ ಹಾರಿದವು. ರೇಡಿಯೋ ಹಲಗೆ ಹಿಡಿದುಕೊಂಡು ಸದ್ದಿಲ್ಲದೆ ನಗುತ್ತಿದ್ದ. ಭುಜಗಳು ಕುಣಿಯುತ್ತಿದ್ದವು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬೇಕರಿಯವನು ಎದ್ದು ಬಂದು ಅವನ ಬೆನ್ನಿಗೆ ಗುದ್ದಿದ.

"ಹಾಳಾದವನೇ, ಎಲ್ಲಿ ಹೋಗಿದ್ದೆಯೋ ಇಷ್ಟು ದಿನ!"

ಸಾಹೇಬರು ಉಳಿದರ್ಧ ಮುಖವನ್ನು ಮುಂದೆ ಚಾಚಿದರು. "ಮುಗಿಸಯ್ಯಾ ಮೊದಲು. ಚಾಕುವಿನ ವಿಷಯ ಮಾತ್ರ ನಿಜ, ಹೇಳಿಬಿಡ್ತೀನಿ." ಯಾರೂ ನಂಬಲಿಲ್ಲ. ಅವರೂ ಒತ್ತಾಯಿಸಲಿಲ್ಲ.

ಮಧ್ಯಾಹ್ನ ಮಗಳು ಊಟದ ಬಿಡುವಿನಲ್ಲಿ ಬಂದಾಗ ಬೆಂಚಿನಲ್ಲಿ ಕೂರಲು ಜಾಗವಿರಲಿಲ್ಲ. ಪಕ್ಕದ ಮೊಬೈಲ್ ಅಂಗಡಿಯವನೂ ಕಟಿಂಗಿಗೆ ಸರದಿ ಕಾಯುತ್ತಿದ್ದ. ಅಪ್ಪ ಅವಳಿಗೆ ಕೈಯಾಡಿಸಿ, ಕೆಲವು ಕೀಲಿಗಳು ಗಟ್ಟಿಯಾಗಿವೆ, ಒತ್ತಿದರೆ ಏಳುತ್ತಿಲ್ಲ ಎಂದು ತೋರಿಸಿದ. ಅವಳು ಲ್ಯಾಪ್‌ಟಾಪನ್ನು ಬಾಗಿಲ ಬೆಳಕಿಗೆ ತಂದು, ತಲೆಕೆಳಗು ಮಾಡಿ, ಅಂಗೈಯಿಂದ ಮೆಲ್ಲಗೆ ತಟ್ಟಿದಳು. ಅಕ್ಷರಗಳ ಸಂದಿಯಿಂದ ಕೂದಲಿನ ಚೂರುಗಳು, ಕರಿಯವು, ಬಿಳಿಯವು, ಕಂದು ಬಣ್ಣದವು, ಬಿಸಿಲಿನಲ್ಲಿ ಹೊಳೆಯುತ್ತ ನಿಧಾನವಾಗಿ ಉದುರಿದವು.