ಇಪ್ಪತ್ತನೆಯ ದಿನ

ಪಕ್ಷಿಧಾಮದಲ್ಲಿ ಹಕ್ಕಿಗಳನ್ನು ನೋಡಿಕೊಳ್ಳುವ ಅವಳು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು ಇಣುಕಿದಳು. ಮೊಟ್ಟೆಯ ಮೇಲೆ ಯಾರೂ ಇರಲಿಲ್ಲ. ಕಾವು ಕೊಡಬೇಕಾದ ಸಾಕುಪಾರಿವಾಳಗಳೆರಡೂ ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಮೂಲೆಯಲ್ಲಿ ಜೋಳ ಹೆಕ್ಕುತ್ತಿದ್ದವು.

ಮೊಟ್ಟೆ ಅವುಗಳದ್ದಲ್ಲ, ನಿಜ. ಹಣ್ಣನ್ನು ಬೀಜಸಮೇತ ನುಂಗುವ ದಪ್ಪನೆಯ ಕಾಡುಪಾರಿವಾಳದ್ದು. ಅದು ಇಡುವುದೇ ಒಂದು. ಇಟ್ಟ ಮರುದಿನ ತಾಯಿ ಏತಕ್ಕೋ ಬೆದರಿ, ಪಂಜರದ ತಂತಿಬಲೆಗೆ ಬಡಿದುಕೊಂಡು ಸತ್ತಿತು. ಮೊಟ್ಟೆ ಎಸೆಯಹೊರಟ ಪಕ್ಷಿಧಾಮದ ಡಾಕ್ಟರರನ್ನು ತಡೆದವಳು ಇವಳೇ. "ನಮ್ಮಪ್ಪ ಸಾಕಿದ ಪಾರಿವಾಳಗಳ ಜೊತೆ ಬೆಳೆದೋಳು ಸಾರ್ ನಾನು. ಹದಿನೆಂಟೇ ದಿನ, ಮರಿ ತೋರಿಸ್ತೀನಿ" ಎಂದು ಎಲ್ಲರೆದುರು ಕೊಚ್ಚಿಕೊಂಡಿದ್ದಳು. ಇವತ್ತಿಗೆ ಇಪ್ಪತ್ತು.

ಡಾಕ್ಟರರು ಬಂದು ಮುಟ್ಟಿ ನೋಡಿದರು. "ಆರ್ತಾ ಇದೆಯಲ್ಲಮ್ಮ. ಹೋಗ್ಲಿ ಬಿಡು, ನಿನ್ನ ಕೈಲಾದ್ದು ಮಾಡಿದೆ."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದಳು. ಮೊಟ್ಟೆಯನ್ನು ಕಂಕುಳಲ್ಲಿ ಅವುಚಿಕೊಂಡು ಅಪ್ಪನಿಗೆ ಫೋನು ಮಾಡಿದಳು.

"ಎಷ್ಟು ದೊಡ್ಡ ಹಕ್ಕಿನೇ ಅದು?"

"ನಮ್ಮವುಗಳ ಎರಡರಷ್ಟಪ್ಪ."

"ಮತ್ತೆ ಅದಕ್ಕೂ ಹದಿನೆಂಟೇ ದಿನ ಅಂತ ಯಾರೇ ಹೇಳಿದ್ದು ನಿಂಗೆ?"

ಯಾರೂ ಹೇಳಿರಲಿಲ್ಲ. ಕೇಳಬೇಕೆಂದೂ ಅವಳಿಗೆ ಅನಿಸಿರಲಿಲ್ಲ.

"ತಮ್ಮ ದಿನ ಮುಗೀತು ಅಂತ ಎದ್ದಿವೆ, ಪಾಪ. ಹತ್ತು ಹನ್ನೆರಡು ದಿನದಿಂದ ಕೂತಿರೋ ಬೇರೆ ಜೋಡಿ ನೋಡು, ಅವು ಇನ್ನೂ ಆರೇಳು ದಿನ ಕೂರ್ತವೆ, ಇದಕ್ಕೂ ಅಷ್ಟು ಸಾಕು. ಅವುಗಳ ಮೊಟ್ಟೆ ತೆಗೆದು ಇದನ್ನಿಡು. ಮೂರನ್ನೂ ಬಿಟ್ರೆ ಕಾವು ಸಾಲಲ್ಲ. ಓಡೇ, ಮಾತಾಡ್ತಾ ನಿಲ್ಬೇಡ!"

ಬ್ಯಾಟರಿಯ ಬೆಳಕಿಗೆ ಮೊಟ್ಟೆ ಹಿಡಿದಳು. ಒಳಗಿನ ಕಪ್ಪು ಒಮ್ಮೆ ಮಿಸುಕಿತು. ಅವಳಿಗೆ ಅಳುವೇ ಬಂದುಬಿಟ್ಟಿತು.

ಪಕ್ಕದ ಸಾಲಿನ ಬಿಳಿಜೋಡಿ ಹನ್ನೆರಡು ದಿನದಿಂದ ಕೂತಿತ್ತು. ಕೈ ಹಾಕಿದ್ದಕ್ಕೆ ಹೆಣ್ಣು ರೆಕ್ಕೆಯಿಂದ ಫಟಾರನೆ ಬಾರಿಸಿತು. ಅದರ ಹೊಟ್ಟೆಯಡಿಯಿಂದ ಎರಡನ್ನು ತೆಗೆದು, ಒಂದನ್ನಿಟ್ಟು, ಹಿಂದೆ ಸರಿದಳು.

ಹೆಣ್ಣು ಎದ್ದು ನಿಂತಿತು. ದೊಡ್ಡ ಮೊಟ್ಟೆಯನ್ನು ಒಂದು ಕಣ್ಣಲ್ಲಿ ನೋಡಿತು, ಕತ್ತು ಹೊರಳಿಸಿ ಇನ್ನೊಂದರಲ್ಲಿ ನೋಡಿತು. ಕೊಕ್ಕಿನಿಂದ ಮೆಲ್ಲಗೆ ತಳ್ಳಿತು. ಕುಕ್ಕಿಬಿಟ್ಟರೆ ಎಲ್ಲ ಮುಗಿದಂತೆಯೇ. ಕೊನೆಗೆ ಅದು ಗರಿಯುಬ್ಬಿಸಿಕೊಂಡು, ಮೊಟ್ಟೆಯನ್ನು ಎದೆಯಡಿಗೆ ಎಳೆದುಕೊಂಡು ಕೂತಿತು.

"ಕೂತಿತು ಸಾರ್!" ಎಂದು ಹಿಂದೆಯೇ ಬಂದು ನಿಂತಿದ್ದ ಡಾಕ್ಟರರಿಗೆ ಹೇಳಿದಳು.

"ಭೇಷ್! ಆರೇಳು ದಿನ ಕಾಯೋಣ ಹಾಗಾದ್ರೆ" ಎಂದ ಡಾಕ್ಟರರು, ಹೊರಟವರು ಬಾಗಿಲಲ್ಲಿ ನಿಂತರು. "ಅದೇನಮ್ಮ ಕೈಯಲ್ಲಿ?"

ಅವಳು ಮುಷ್ಟಿ ಬಿಡಿಸಿ ನೋಡಿದಳು. ಬಿಳಿಜೋಡಿಯ ಮೊಟ್ಟೆಗಳೆರಡೂ ಇನ್ನೂ ಬೆಚ್ಚಗಿದ್ದವು.